ಶಾಲು ಹೊದಿಸಿ ಕೂರಿಸಬೇಡಿ

ನಮ್ಮವ್ವನಿಗೆ 72 ತುಂಬಿದ ವರ್ಷ ಊರಿನ ಚರ್ಚಿನ ಸಭೆಯವರು ಅವಳಿಗೆ ಶಾಲು ಹೊದಿಸಿದರು. ಹಿರಿಯರಿಗೆಂದೇ ಇಟ್ಟ ಭಾನುವಾರ ಅದು. ಆರಾಧನೆ ಮುಗಿದ ಮೇಲೆ ವಯಸ್ಸಾದ ಏಳೆಂಟು ಜನರನ್ನು ಮುಂದೆ ಕರೆದು, ಕುರ್ಚಿ ಹಾಕಿ ಕೂರಿಸಿದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಎಲ್ಲರ ಚಪ್ಪಾಳೆ. ನಾನು ಜರ್ಮನಿಯಲ್ಲಿದ್ದೆ. ತಮ್ಮ ಇ-ಮೇಲಿನಲ್ಲಿ ಫೋಟೊ ಕಳಿಸಿದ. ಅವ್ವ ನಗುತ್ತಿದ್ದಳು. ನೋಡಿ ಕಣ್ಣು ತುಂಬಿ ಬಂತು.

ಮುಂದಿನ ಭಾನುವಾರ ಅವಳು ಎಂದಿನಂತೆ ಬೇಗ ಎದ್ದು ಸಂಡೇ ಸ್ಕೂಲಿಗೆ ಹೋದಳು. ಅವಳ ತರಗತಿಯಲ್ಲಿ ಬೇರೊಬ್ಬ ಹುಡುಗಿ ಪಾಠ ಮಾಡುತ್ತಿದ್ದಳು. "ಅಮ್ಮಾರ, ಇನ್ನ ನೀವು ಆರಾಮ ಕೂತ್ಕೊಳ್ರಿ. ಎಷ್ಟ್ ವರ್ಷ ದುಡದೀರಿ" ಅಂದರಂತೆ. 38 ವರ್ಷ ಅವ್ವ ಆ ಕೋಣೆಯಲ್ಲಿ ಮಕ್ಕಳಿಗೆ ಬೈಬಲಿನ ವಾಕ್ಯ ಬಾಯಿಪಾಠ ಮಾಡಿಸಿದ್ದಳು. ನಾನೂ ಅಲ್ಲೇ ಕಲಿತವನು. ಅವತ್ತು ಸಂಜೆ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಶಾಲು ಚಲೋ ಐತಪ್ಪಾ. ಆದ್ರ ನನ್ನ ಹುಡುಗರ್ನ ತಗೊಂಡ್ರು."

ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅವರು ಪ್ರೀತಿಯಿಂದಲೇ ಮಾಡಿದ್ದು. ವಯಸ್ಸಾದವರಿಗೆ ಕೆಲಸ ಹೇಳಬಾರದು, ಕೂರಿಸಿ ನೋಡಿಕೊಳ್ಳಬೇಕು ಅನ್ನುವುದು ನಮ್ಮ ಸಂಸ್ಕಾರ. ಆದರೆ ಅವ್ವ ಮುದುಕಿ ಆಗಿದ್ದು ಆ ಭಾನುವಾರವೇ. ಅದರ ಹಿಂದಿನ ವಾರದವರೆಗೂ ಅವಳು ಮುದುಕಿ ಆಗಿರಲಿಲ್ಲ.

ಈಗ ನನಗೇ 66. ನೆಕ್ಕರ್ ನದಿಯ ದಂಡೆಯಲ್ಲಿ, ಟ್ಯೂಬಿಂಗೆನ್ ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದೇನೆ. 27ನೇ ವಯಸ್ಸಿಗೆ ಕೆಲಸಕ್ಕೆ ಬಂದವನು ಇಲ್ಲೇ ಉಳಿದೆ. ವಯಸ್ಸಾಗುವುದು ಹೇಗೆ, ವಯಸ್ಸಾದ ಮೇಲೆ ನಂಬಿಕೆಯನ್ನು ಕಾಯ್ದುಕೊಳ್ಳುವುದು ಹೇಗೆ ಅನ್ನುವುದನ್ನು ನಾನು ಎರಡು ಕಡೆ ನೋಡಿದ್ದೇನೆ. ಒಂದು, ಉತ್ತರ ಕರ್ನಾಟಕದ ನಮ್ಮ ಬಾಸೆಲ್ ಮಿಷನ್ ಮನೆತನದಲ್ಲಿ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ನಮ್ಮ ನಾಡಿಗೆ ಪಾದ್ರಿಗಳನ್ನು ಕಳಿಸಿದ ಪ್ರೊಟೆಸ್ಟೆಂಟ್ ಸಂಸ್ಥೆ. ಇನ್ನೊಂದು, ಆ ಮಿಷನ್ನಿನ ಎಷ್ಟೋ ಪಾದ್ರಿಗಳು ಹುಟ್ಟಿ ಬೆಳೆದ, ದಕ್ಷಿಣ ಜರ್ಮನಿಯ ಈ ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ. ಬೇರು ಒಂದೇ. ಆದರೆ ಮುಪ್ಪಿನ ರೀತಿ ಮಾತ್ರ ಬೇರೆ ಬೇರೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅಜ್ಜಿ ಅಂತ ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತೇನೆ ಅಷ್ಟೇ, ಬಾಯಿಬಿಟ್ಟು ಕರೆಯುವ ಹಾಗಿಲ್ಲ. ಇಲ್ಲಿ ಪರಿಚಯದ ಹೆಂಗಸನ್ನು ಅಜ್ಜಿ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮನೆತನದ ಹೆಸರಿಗೆ ಮೊದಲು 'ಫ್ರಾವ್', ಅಂದರೆ ಶ್ರೀಮತಿ, ಅಂತ ಸೇರಿಸಿ, ಬಹುವಚನದಲ್ಲೇ ಮಾತಾಡಿಸಬೇಕು. 20 ವರ್ಷ ಹಾಗೆ ಮಾತಾಡಿಸಿದ ಮೇಲೆ ಒಂದು ದಿನ ಬೇಲಿಯ ಆ ಕಡೆಯಿಂದ ಕೈ ಚಾಚಿ, ಇನ್ನು ಮೇಲೆ ಏಕವಚನದಲ್ಲಿ ಮಾತಾಡೋಣ ಅಂದರು. ನಮ್ಮೂರಲ್ಲಾದರೆ ಮೊದಲ ದಿನವೇ ಅಜ್ಜಿಯಾಗಿ ಬಿಡುತ್ತಿದ್ದರು. ಯಾವುದು ಮೇಲು? ಮೊದಮೊದಲು ನಮ್ಮದೇ ಮೇಲು ಅಂತ ಖಂಡಿತವಾಗಿ ಹೇಳುತ್ತಿದ್ದೆ. ಈಗ ಸ್ವಲ್ಪ ಯೋಚಿಸುತ್ತೇನೆ. ಅಜ್ಜಿ ಅಂದ ಕೂಡಲೇ ನಾವು ಅವರಿಗೆ ಒಂದು ಮೂಲೆ ಗೊತ್ತು ಮಾಡಿಬಿಡುತ್ತೇವೆ, ಅಲ್ವಾ?

ಹೋದ ವರ್ಷ ಅವರು ನನ್ನನ್ನೂ ನನ್ನ ಹೆಂಡತಿಯನ್ನೂ ಚರ್ಚಿಗೆ ಕರೆದರು. ಅವರ ಕನ್ಫರ್ಮೇಶನ್ ಆಗಿ 70 ವರ್ಷ ತುಂಬಿತ್ತು. ಕನ್ಫರ್ಮೇಶನ್ ಅಂದರೆ ನಮ್ಮಲ್ಲಿ ದೃಢೀಕರಣ ಅನ್ನುತ್ತೇವಲ್ಲ, ಅದು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ನಮ್ಮ ಪರವಾಗಿ ಕೊಟ್ಟ ದೀಕ್ಷಾಸ್ನಾನದ ಮಾತನ್ನು, ಬುದ್ಧಿ ಬಂದ ಮೇಲೆ ನಾವೇ ಸಭೆಯ ಮುಂದೆ ನಿಂತು 'ಹೌದು' ಅನ್ನುವುದು. ಇಲ್ಲಿ ಸಾಮಾನ್ಯವಾಗಿ 14ಕ್ಕೆ ಮಾಡುತ್ತಾರೆ. ನಮ್ಮಲ್ಲಿ ಅದು ಒಂದು ಸಲದ ಮಾತು. ಬಿಳಿ ಬಟ್ಟೆ, ಫೋಟೊ, ಊಟ, ಮುಗೀತು. ಇಲ್ಲಿ ಹಾಗಲ್ಲ. 50 ವರ್ಷಕ್ಕೆ ಚಿನ್ನದ ಕನ್ಫರ್ಮೇಶನ್. 60ಕ್ಕೆ ವಜ್ರದ್ದು. 65ಕ್ಕೆ ಕಬ್ಬಿಣದ್ದು. 70ಕ್ಕೆ 'ಗ್ನಾಡೆನ್', ಅಂದರೆ ಕೃಪೆಯದು. ಚಿನ್ನ, ವಜ್ರ, ಕಬ್ಬಿಣ ಎಲ್ಲ ದಾಟಿದ ಮೇಲೆ ಉಳಿಯುವುದು ಕೃಪೆ. ಈ ಹೆಸರು ಇಟ್ಟವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಅವತ್ತಿನದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಂಟೆ ಹೊಡೆಯುತ್ತಿತ್ತು. ಚರ್ಚಿನ ಹೊರಗೆ, ಕಲ್ಲು ಹಾಸಿದ ಅಂಗಳದಲ್ಲಿ ಅವರೆಲ್ಲ ಇಬ್ಬಿಬ್ಬರಾಗಿ ಸಾಲು ನಿಂತರು. 1955ರಲ್ಲಿ ಮಕ್ಕಳಾಗಿ ನಿಂತ ಹಾಗೆಯೇ. ಆಗ 23 ಜನ. ಈಗ ಐದು. ಒಬ್ಬರು ಗಾಲಿಕುರ್ಚಿಯಲ್ಲಿ. ಇನ್ನೊಬ್ಬರಿಗೆ ತಾವು ಎಲ್ಲಿದ್ದೇವೆ ಅನ್ನುವುದೇ ಸರಿಯಾಗಿ ತಿಳಿಯುತ್ತಿರಲಿಲ್ಲ, ಮಗಳು ತೋಳು ಹಿಡಿದಿದ್ದಳು. ಸಾಲು ಒಳಗೆ ಬರುವಾಗ ಇಡೀ ಸಭೆ ಎದ್ದು ನಿಂತಿತು. ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದಿ ಮೇಣದ ಬತ್ತಿ ಹಚ್ಚಿದರು. ಆಮೇಲೆ ಸಭಾಪಾಲಕಿ ಒಬ್ಬೊಬ್ಬರನ್ನೇ ಮುಂದೆ ಕರೆದು, ಅವತ್ತು ಅವರಿಗೆ ಕೊಟ್ಟ ವಾಕ್ಯವನ್ನು ಮತ್ತೆ ಓದಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ನಮ್ಮ ಪಕ್ಕದ ಮನೆಯವರ ವಾಕ್ಯ ಯೆಶಾಯನ ಪುಸ್ತಕದ 43ನೇ ಅಧ್ಯಾಯದ್ದು. ನಿನ್ನನ್ನು ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು ಅಂತ ದೇವರು ಹೇಳುವ ಮಾತು. ಅದನ್ನು ಬರೆದ ಹಳೇ ಕಾಗದ ಈಗಲೂ ಅವರ ಮಲಗುವ ಕೋಣೆಯ ಗೋಡೆಯಲ್ಲಿದೆ. ಚೌಕಟ್ಟಿನ ಒಳಗೆ ಅಂಚು ಕಂದಾಗಿದೆ. ಗಂಡ ಸತ್ತಾಗ, ಕ್ಯಾನ್ಸರ್ ಬಂದಾಗ ಮಲಗಿಕೊಂಡು ಅದನ್ನೇ ನೋಡುತ್ತಿದ್ದೆ ಅಂತ ನನ್ನ ಹೆಂಡತಿಗೆ ಹೇಳಿದ್ದರು.

ಅವರ ಮುಖವನ್ನೇ ನೋಡುತ್ತಿದ್ದೆ. ಆಶೀರ್ವಾದಕ್ಕೆ ತಲೆ ಬಗ್ಗಿಸಿದ ಆ 84ರ ಹೆಂಗಸಿನಲ್ಲಿ ಒಬ್ಬ ಹುಡುಗಿ ಕಂಡಳು. ಇದು ಅಲಂಕಾರದ ಮಾತಲ್ಲ. ಕೆಳತುಟಿ ಕಚ್ಚಿಕೊಂಡು, ಎರಡೂ ಕೈ ಮುಂದೆ ಹಿಡಿದು, ಏನಾದರೂ ತಪ್ಪಾದೀತೇನೋ ಅನ್ನುವ ಭಯದಲ್ಲಿ ನಿಂತಿದ್ದರು. ಅಲ್ಲಿ ಅವರಿಗೆ ಯಾರೂ ಹಾರ ಹಾಕಲಿಲ್ಲ. ನೀವು ಎಷ್ಟು ದೊಡ್ಡವರು ಅಂತ ಹೊಗಳಲಿಲ್ಲ. 14ನೇ ವಯಸ್ಸಿನಲ್ಲಿ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಈಗಲೂ 'ಹೌದು' ಅನ್ನುತ್ತೀಯಾ? ಅವರು 'ಹೌದು' ಅಂದರು.

ಲೂಕನ ಸುವಾರ್ತೆಯಲ್ಲಿ ಅನ್ನಳೆಂಬ ಪ್ರವಾದಿನಿ ಬರುತ್ತಾಳೆ. ಮದುವೆಯಾಗಿ ಏಳು ವರ್ಷಕ್ಕೇ ವಿಧವೆಯಾದವಳು. ಅವಳ ಕಥೆ ಬರುವ ಕಡೆ 84 ಅನ್ನುವ ಸಂಖ್ಯೆಯೇ ಇದೆ. ದೇವಾಲಯ ಬಿಟ್ಟು ಹೋಗದೆ ಉಪವಾಸ, ಪ್ರಾರ್ಥನೆಯಲ್ಲಿ ಇದ್ದಳು. ಕೂಸಾಗಿದ್ದ ಯೇಸುವನ್ನು ನೋಡಿದ ಮೇಲೆ ಸುಮ್ಮನೆ ಕೂರಲಿಲ್ಲ. ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಮಗುವಿನ ವಿಷಯ ಹೇಳತೊಡಗಿದಳು. ಅವಳಿಗೆ ಅವತ್ತು ಹೊಸ ಕೆಲಸ ಸಿಕ್ಕಿತು. ಕ್ರಿಸ್ಮಸ್ ಸಮಯದಲ್ಲಿ ನಾವು ಕುರುಬರನ್ನು, ಜ್ಞಾನಿಗಳನ್ನು ನಾಟಕದಲ್ಲಿ ಆಡುತ್ತೇವೆ. ಅನ್ನಳ ಪಾತ್ರವನ್ನು ನಾನು ಎಲ್ಲೂ ನೋಡಿಲ್ಲ.

ಇಲ್ಲಿನ ಇನ್ನೊಂದು ರೂಢಿ ನನ್ನನ್ನೇ ಬದಲಿಸಿತು. ಹೆಚ್ಚುಕಡಿಮೆ ಪ್ರತಿ ಊರಿನ ಪ್ರೊಟೆಸ್ಟೆಂಟ್ ಚರ್ಚಿಗೂ ಒಂದು 'ಪೊಸೌನೆನ್‌ಕೋರ್' ಇರುತ್ತದೆ. ಹಿತ್ತಾಳೆ ವಾದ್ಯಗಳ ತಂಡ. ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ಸ್ಮಶಾನಕ್ಕೆ ಹೋಗಿ ಸಮಾಧಿಗಳ ನಡುವೆ ನಿಂತು ಊದುತ್ತಾರೆ. ಆ ಚಳಿಯಲ್ಲಿ, ಮಂಜಿನಲ್ಲಿ, ಪುನರುತ್ಥಾನದ ಹಾಡು. ಮೊದಲ ಸಲ ಕೇಳಿದಾಗ ನಾನು ನಿಂತಲ್ಲೇ ನಿಂತೆ. ಆ ರಾಗ ನನಗೆ ಗೊತ್ತಿತ್ತು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದ ಕನ್ನಡದ ಹಾಡಿನ ರಾಗ ಅದು. ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ್ದರು ಅಂತ ಓದಿ ಗೊತ್ತಿತ್ತು. ಕಿವಿಯಾರೆ ಕೇಳಿದ್ದು ಅವತ್ತೇ.

61ಕ್ಕೆ ನಾನು ಟ್ರೊಂಬೋನ್ ಕಲಿಯಲು ಸೇರಿದೆ. ವಾದ್ಯವನ್ನು ಚರ್ಚಿನವರೇ ಕೊಟ್ಟರು. ಹೊಸದಾಗಿ ಕಲಿಯುವವರ ಗುಂಪಿಗೆ ಇಲ್ಲಿ 'ಯುಂಗ್‌ಬ್ಲೇಸರ್' ಅನ್ನುತ್ತಾರೆ. ಮಾತಿನ ಅರ್ಥ 'ಎಳೆಯ ಊದುಗರು' ಅಂತ. ವಯಸ್ಸು ಎಷ್ಟೇ ಇರಲಿ, ಕಲಿಯುವ ತನಕ ಎಳೆಯರೇ. ನನ್ನ ಗುಂಪಿನಲ್ಲಿ 9ರಿಂದ 12 ವರ್ಷದ ನಾಲ್ಕು ಮಕ್ಕಳು, ಆಮೇಲೆ ನಾನು. ಹೇಳಿಕೊಡುತ್ತಿದ್ದವಳು ಕಾಲೇಜಿಗೆ ಹೋಗುವ ಹುಡುಗಿ. ಮೊದಲ ಮೂರು ತಿಂಗಳು ಒಂದು ಸ್ವರವೂ ನೆಟ್ಟಗೆ ಬರಲಿಲ್ಲ. ತುಟಿ ಊದಿಕೊಳ್ಳುತ್ತಿತ್ತು. ನನ್ನ ಪಕ್ಕದ ಹತ್ತು ವರ್ಷದ ಹುಡುಗ, "ಗಲ್ಲ ಉಬ್ಬಿಸಬೇಡಿ, ಹೊಟ್ಟೆಯಿಂದ ಗಾಳಿ ಬಿಡಿ" ಅಂತ ತೋರಿಸಿಕೊಟ್ಟ. ತೋರಿಸುವಾಗ ಅವನ ಮುಖದಲ್ಲಿ ಎಷ್ಟು ಗಂಭೀರ! 40 ವರ್ಷ ಬೇರೆಯವರಿಗೆ ಹೇಳಿಕೊಟ್ಟವನು ನಾನು. ಒಂದು ಮಗುವಿನಿಂದ ಕಲಿಯುವ ಸುಖ ಆ ವಯಸ್ಸಿಗೆ ಸಿಕ್ಕಿತು. ಮಕ್ಕಳಂತೆ ಆಗದೆ ಪರಲೋಕ ರಾಜ್ಯದಲ್ಲಿ ಸೇರಲಾರಿರಿ ಅಂತ ಯೇಸು ಹೇಳಿದ್ದನ್ನು ನೂರು ಸಲ ಕೇಳಿದ್ದೆ. ಹಾಗಂದರೆ ಮುಗ್ಧರಾಗಿ ಇರುವುದು ಅಂದುಕೊಂಡಿದ್ದೆ. ಈಗ ಅನಿಸುವುದು, ಗೊತ್ತಿಲ್ಲ ಅಂತ ನಾಚಿಕೆ ಇಲ್ಲದೆ ಒಪ್ಪಿಕೊಂಡು ಕಲಿಯಲು ಕೂರುವುದು ಅಂತ.

ಮನಸ್ಸು ಎಳೆಯದಾಗಿರುವುದು ಅಂದರೆ ನನಗೆ ಇಷ್ಟೇ. ಹುಡುಗರ ಹಾಗೆ ಬಟ್ಟೆ ಹಾಕುವುದಲ್ಲ, ಗಿಟಾರಿನ ಹಾಡಿಗೆ ಒತ್ತಾಯದಿಂದ ಚಪ್ಪಾಳೆ ತಟ್ಟುವುದಲ್ಲ. ಇಷ್ಟವಿದ್ದರೆ ತಟ್ಟಲಿ, ಅದು ಬೇರೆ. ದೇವರು ಇನ್ನೂ ನನಗೆ ಏನೋ ಕಲಿಸುತ್ತಿದ್ದಾನೆ, ನನ್ನಿಂದ ಏನೋ ಕೇಳುತ್ತಿದ್ದಾನೆ ಅಂತ ನಂಬುವುದು. ಆ ನಂಬಿಕೆ ಹೋದ ದಿನ ನಾವು 'ನಮ್ಮ ಕಾಲದಲ್ಲಿ' ಅಂತ ಮಾತು ಶುರು ಮಾಡುತ್ತೇವೆ. ನಮ್ಮ ಕಾಲದಲ್ಲಿ ಆರಾಧನೆ ಹೀಗಿರಲಿಲ್ಲ, ನಮ್ಮ ಕಾಲದ ಅಯ್ಯನವರು ಹೀಗಿರಲಿಲ್ಲ. ದೇವರು ನಮ್ಮ ಕಾಲದಲ್ಲೇ ಮಾತು ಮುಗಿಸಿಬಿಟ್ಟ ಅನ್ನುವ ಹಾಗೆ. 35ಕ್ಕೇ ಹೀಗೆ ಮಾತಾಡುವವರನ್ನೂ ನೋಡಿದ್ದೇನೆ.

ಈ ಊರಿನಲ್ಲಿ ನಡೆದಾಡುವಾಗ ನನಗೆ ಕಿಟೆಲ್ ನೆನಪಾಗದ ದಿನವಿಲ್ಲ. ಫರ್ಡಿನೆಂಡ್ ಕಿಟೆಲ್ ತೀರಿಕೊಂಡಿದ್ದು ಟ್ಯೂಬಿಂಗೆನ್‌ನಲ್ಲೇ, 1903ರ ಡಿಸೆಂಬರಿನಲ್ಲಿ. ಹುಟ್ಟಿದ್ದು 1832ರಲ್ಲಿ, ಉತ್ತರದ ಸಮುದ್ರ ತೀರದ ಸೀಮೆಯಲ್ಲಿ. 21ಕ್ಕೆ ಹಡಗು ಹತ್ತಿ ನಮ್ಮ ನಾಡಿಗೆ ಬಂದವರು. ನಾವು ಅವರನ್ನು ಕನ್ನಡ-ಇಂಗ್ಲಿಷ್ ನಿಘಂಟಿನಿಂದ ನೆನೆಯುತ್ತೇವೆ, ಸರಿ. ಆದರೆ ಅವರ ವಯಸ್ಸಿನ ಲೆಕ್ಕ ಹಾಕಿ ನೋಡಿ. ಮಧ್ಯೆ ಕೆಲವು ವರ್ಷ ಜರ್ಮನಿಗೆ ಹೋಗಿದ್ದವರು, 50 ದಾಟಿದ ಮೇಲೆ ನಿಘಂಟು ಮುಗಿಸಲು ಮತ್ತೆ ಹೊರಟರು. ಆ ಕಾಲಕ್ಕೆ ಅದು ಮನೆಯಲ್ಲಿ ಕೂರುವ ವಯಸ್ಸು. ಬಿಸಿಲು, ಜ್ವರ, ದೂರದ ಪ್ರಯಾಣ. ಮತ್ತೆ ಬಂದು ಪದ ಹುಡುಕಿದರು. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದಾಗ ಅವರಿಗೆ 62. ಸುಮಾರು 70 ಸಾವಿರ ಪದಗಳು. ಅಲ್ಲಿಗೆ ಸಾಕಿತ್ತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ಅವರ ಶಾಲು ಅನ್ನಿ. ಹೊದ್ದುಕೊಂಡು ಕೂರಬಹುದಿತ್ತು. ಕೂರಲಿಲ್ಲ. ಕನ್ನಡ ವ್ಯಾಕರಣ ಬರೆಯುತ್ತಾ ಇದ್ದರು. ಅದು ಅಚ್ಚಾಗಿದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷವೇ. 71ರ ಮುದುಕ, ಕನ್ನಡ ಕೇಳಿಸದ ಊರಿನಲ್ಲಿ ಕೂತು, ಕನ್ನಡದ ಕ್ರಿಯಾಪದಗಳನ್ನು ಬಿಡಿಸಿ ನೋಡುತ್ತಿದ್ದರು.

ಅವರನ್ನು ಭಾಷೆಯ ವಿದ್ವಾಂಸ ಅಂತ ಮಾತ್ರ ನೋಡಿದರೆ ಅರ್ಧ ಕಂಡ ಹಾಗೆ. ಅವರು ಪಾದ್ರಿ. ಯೇಸುವಿನ ಕಥೆಯನ್ನು ನಮ್ಮ ಷಟ್ಪದಿಯಲ್ಲಿ ಬರೆದವರು. ಇನ್ನೊಬ್ಬರ ಭಾಷೆಗೆ ಅಷ್ಟು ವರ್ಷ ಅಷ್ಟು ತಾಳ್ಮೆಯಿಂದ ದುಡಿದದ್ದು ಅವರ ನಂಬಿಕೆಯಿಂದ ಬೇರೆಯಾಗಿರಲಿಲ್ಲ ಅಂತ ನನಗೆ ಅನಿಸುತ್ತದೆ. ನಂಬಿಗಸ್ತಿಕೆ ಅನ್ನುವ ಮಾತನ್ನು ನಾವು ಭಾನುವಾರದ ಹಾಜರಿಗೆ ಜಾಸ್ತಿ ಬಳಸುತ್ತೇವೆ. ಹಿಡಿದ ಕೆಲಸವನ್ನು ದೇವರ ಮುಂದೆ ಕೊನೆಯವರೆಗೆ ಬಿಡದೆ ಮಾಡುವುದೂ ನಂಬಿಗಸ್ತಿಕೆಯೇ.

ಇಷ್ಟು ಹೇಳಿದ ಮೇಲೆ, ಇಲ್ಲಿನದೆಲ್ಲ ಚೆನ್ನ, ನಮ್ಮದೆಲ್ಲ ಸರಿಯಿಲ್ಲ ಅಂತ ಯಾರಾದರೂ ತಿಳಿದುಕೊಂಡರೆ ನನಗೆ ದುಃಖವಾಗುತ್ತದೆ. ಪಕ್ಕದ ಮನೆಯ ಅಜ್ಜಿಯ ಸಂಜೆಗಳನ್ನು ನಾನು ನೋಡಿದ್ದೇನೆ.

ಬೆಳಿಗ್ಗೆ ಅವರು ಗಟ್ಟಿ. ಕಾಫಿ ಕುಡಿಯುತ್ತಾ 'ಲೋಸುಂಗೆನ್' ಅನ್ನುವ ಚಿಕ್ಕ ಪುಸ್ತಕ ಓದುತ್ತಾರೆ. ದಿನಕ್ಕೊಂದು ಹಳೇ ಒಡಂಬಡಿಕೆಯ ವಾಕ್ಯ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯ. ಹಳೇ ಒಡಂಬಡಿಕೆಯದನ್ನು ಹೆರ್ನ್‌ಹೂಟ್ ಅನ್ನುವ ಊರಿನ ಮೊರಾವಿಯನ್ ಸಭೆಯವರು ಚೀಟಿ ಎತ್ತಿ ಆರಿಸುತ್ತಾರೆ. 1731ರಿಂದ ವರ್ಷ ವರ್ಷವೂ ಬರುತ್ತಿದೆ. ಆಮೇಲೆ ಸಭೆಯ ಪರವಾಗಿ ಹುಟ್ಟುಹಬ್ಬದ ಭೇಟಿಗೆ ಹೋಗುತ್ತಾರೆ. ಊರಿನಲ್ಲಿ 75 ತುಂಬಿದವರ ಮನೆಗೆ, ಒಂದು ಚೀಟಿ, ಒಂದು ಸಣ್ಣ ಹೂಕುಂಡ ಹಿಡಿದು. "ವಯಸ್ಸಾದವರನ್ನು ನೋಡಿ ಬರಬೇಕು" ಅಂತ ಸೈಕಲ್ ಹತ್ತುತ್ತಿದ್ದರು. ಈಗ ಸೈಕಲ್ ಬಿಟ್ಟಿದ್ದಾರೆ, ಭೇಟಿ ಬಿಟ್ಟಿಲ್ಲ. ಸಂಜೆ ಆರಕ್ಕೆ ಮಾತ್ರ ಆ ಮನೆಯ ಕಿಟಕಿಯಲ್ಲಿ ಒಂದೇ ದೀಪ. ಬ್ರೆಡ್ಡು, ಚೀಸು, ಒಂದು ತಟ್ಟೆ. ಇಬ್ಬರು ಗಂಡುಮಕ್ಕಳು ದೂರದ ಊರುಗಳಲ್ಲಿ. ಇಬ್ಬರೂ ಸಭೆಯನ್ನು ಬಿಟ್ಟಿದ್ದಾರೆ. ಇಲ್ಲಿ ಸಭೆ ಬಿಡುವುದು ಅಂದರೆ ಸುಮ್ನೆ ಬರದೇ ಇರುವುದಲ್ಲ. ಸದಸ್ಯರ ಸಂಬಳದ ತೆರಿಗೆಯ ಜೊತೆ ಚರ್ಚ್ ತೆರಿಗೆಯೂ ಹೋಗುತ್ತದೆ. ನಾವಿರುವ ಈ ಜರ್ಮನ್ ರಾಜ್ಯದಲ್ಲಿ ಆದಾಯ ತೆರಿಗೆಯ ಶೇ. 8ರಷ್ಟು. ಬೇಡವೆಂದರೆ ಸರಕಾರಿ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಹೊರಬರಬೇಕು. ಮಗ ಸಹಿ ಹಾಕಿದ ದಿನ ತಾಯಿಗೆ ಫೋನ್ ಮಾಡಿ ಹೇಳಿದನಂತೆ. "ನೀನು ಹೇಳಿದ್ದು ಒಳ್ಳೆಯದಾಯಿತು" ಅಂದೆ, ಆಮೇಲೆ ಫೋನ್ ಇಟ್ಟು ತೋಟಕ್ಕೆ ಹೋಗಿ ಕಳೆ ಕಿತ್ತೆ ಅಂದರು. ಮಕ್ಕಳ ಜೊತೆ ಜಗಳ ಮಾಡಿಲ್ಲ. ತಾವು ಬಿಟ್ಟೂ ಇಲ್ಲ. ತಾನು ಹೆತ್ತವರೇ ಎದ್ದು ಹೋದ ಮೇಲೂ ಅದೇ ಬೆಂಚಿನಲ್ಲಿ ಕೂತು 'ಹೌದು' ಅನ್ನುವುದು ಎಷ್ಟು ಕಷ್ಟ ಅಂತ ನಾವು ಯೋಚಿಸಬೇಕು.

ಒಂದು ಭಾನುವಾರ ರಾತ್ರಿ ಅವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಊಟ ಆದ ಮೇಲೆ ನಾವು ಯಾವಾಗಲೂ ಕುಟುಂಬ ಪ್ರಾರ್ಥನೆ ಮಾಡುತ್ತೇವೆ. ಊರಿನಲ್ಲಿ ಅಪ್ಪ ಮಾಡುತ್ತಿದ್ದ ಹಾಗೆಯೇ. ಒಂದು ಹಾಡು, ಒಂದು ಅಧ್ಯಾಯ, ಆಮೇಲೆ ಎಲ್ಲರ ಹೆಸರು ಹಿಡಿದು ಪ್ರಾರ್ಥನೆ. ಅವತ್ತು ನನ್ನ ಹೆಂಡತಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಾ ಅವರ ಹೆಸರನ್ನೂ ಹೇಳಿದಳು. ಮಕ್ಕಳ ಹೆಸರನ್ನೂ ಹೇಳಿದಳು. ಒಂದು ಪದವೂ ಅರ್ಥವಾಗದ ಭಾಷೆಯ ನಡುವೆ ತಮ್ಮ ಹೆಸರು, ತಮ್ಮ ಗಂಡುಮಕ್ಕಳ ಹೆಸರು ಕೇಳಿಸಿತು. ಕಣ್ಣು ಬಿಟ್ಟಾಗ ಅವರು ಅಳುತ್ತಿದ್ದರು. "ನನ್ನ ತಾಯಿ ಹೋದ ಮೇಲೆ ಯಾರೂ ನನ್ನ ಹೆಸರು ಹಿಡಿದು, ನನಗೆ ಕೇಳುವ ಹಾಗೆ ಪ್ರಾರ್ಥನೆ ಮಾಡಿರಲಿಲ್ಲ" ಅಂದರು.

ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ದಿನಾ ನಡೆಯುವ, ಮಕ್ಕಳು ಆಕಳಿಸುತ್ತಾ ಕೂರುವ ಆ ಹತ್ತು ನಿಮಿಷಕ್ಕೆ ಅಷ್ಟು ಬೆಲೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಪ್ರಾರ್ಥನೆ ತೀರಾ ಒಳಗಿನ ಮಾತು. ಗಂಡನ ಮುಂದೆ ಹೆಂಡತಿಯೂ ಬಾಯಿಬಿಟ್ಟು ಪ್ರಾರ್ಥಿಸಲು ಸಂಕೋಚ ಪಡುವ ಮನೆಗಳನ್ನು ಕಂಡಿದ್ದೇನೆ. ವಯಸ್ಸಾದವರ ದೇಹಕ್ಕೆ ಬೇಕಾದ ವ್ಯವಸ್ಥೆ ಮಾತ್ರ ಚೆನ್ನಾಗಿದೆ. ಸಭೆಗಳ ಸೇವಾ ಸಂಸ್ಥೆಯಿಂದ ನರ್ಸ್ ಮನೆಗೇ ಬಂದು ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು ಹೋಗುತ್ತಾಳೆ. ಅದಕ್ಕೆಂದೇ 1995ರಿಂದ ಆರೈಕೆಯ ವಿಮೆಯೂ ಇದೆ. ಆದರೆ ನರ್ಸಿಗೆ ಮುಂದಿನ ಮನೆ ಕಾಯುತ್ತಿರುತ್ತದೆ.

ನಮ್ಮಲ್ಲಿ ಮನೆ ತುಂಬ ಜನ. ಆದರೆ ಆ ಜನರ ನಡುವೆ ಅಜ್ಜ ಅಜ್ಜಿಗೆ ಕೆಲಸವಿಲ್ಲ. ಇಲ್ಲಿ ಕೆಲಸವಿದೆ, ಜನರಿಲ್ಲ. ಎರಡನ್ನೂ ತೂಕ ಮಾಡಿ ಯಾವುದು ಹೆಚ್ಚು ನೋವು ಅಂತ ಕೇಳಿದರೆ, ನನ್ನ ಉತ್ತರ ಬಹಳ ಜನರಿಗೆ ಹಿಡಿಸಲಿಕ್ಕಿಲ್ಲ. ಒಂಟಿತನಕ್ಕೆ ಒಂದು ಊಟ, ಒಂದು ಪ್ರಾರ್ಥನೆ, ಒಬ್ಬ ನೆರೆಯವರು ಸ್ವಲ್ಪ ಮದ್ದಾಗುತ್ತಾರೆ. ನೀನು ಇನ್ನು ಬೇಕಾಗಿಲ್ಲ ಅಂತ ಪ್ರೀತಿಯಿಂದ ಹೇಳಿಸಿಕೊಂಡವರಿಗೆ ಮದ್ದು ಸಿಗುವುದು ಕಷ್ಟ. ಅವರು ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ, ಮೈ ಮೇಲೆ ಶಾಲು ಇದೆಯಲ್ಲ.

ಬೈಬಲಿನ ಕಾಲೇಬನನ್ನು ನೋಡಿ. ಯೆಹೋಶುವನ ಪುಸ್ತಕದ 14ನೇ ಅಧ್ಯಾಯ. ಅವನಿಗೆ 85 ವರ್ಷ. ಮೋಶೆ ನನ್ನನ್ನು ಈ ನಾಡು ನೋಡಿ ಬರಲು ಕಳಿಸಿದ ದಿನ ಇದ್ದ ಶಕ್ತಿ ಈಗಲೂ ಇದೆ ಅನ್ನುತ್ತಾನೆ. ಇದ್ದೀತೋ ಇಲ್ಲವೋ, ನನಗೆ ಮುಖ್ಯ ಅನಿಸಿದ್ದು ಅವನು ಕೇಳಿದ್ದು. ಈ ಬೆಟ್ಟವನ್ನು ನನಗೆ ಕೊಡು ಅಂದ. ಅದೂ ಖಾಲಿ ಬೆಟ್ಟವಲ್ಲ, ದೈತ್ಯರಂಥ ಅನಾಕ್ಯರು ಕೋಟೆ ಕಟ್ಟಿಕೊಂಡು ಕೂತಿದ್ದ ಬೆಟ್ಟ. ಜನರ ನಾಯಕ ಯೆಹೋಶುವ ಬೇಡ ಅನ್ನಲಿಲ್ಲ. ಆಶೀರ್ವಾದ ಮಾಡಿ ಕೊಟ್ಟ. ನಮ್ಮ ಸಭೆಗಳಲ್ಲಿ ಕಾಲೇಬರು ಇಲ್ಲವೇ? ಇದ್ದಾರೆ. ಬೆಟ್ಟ ಕೇಳಿದರೆ ಕುರ್ಚಿ ಕೊಡುತ್ತೇವೆ.

ಎಲ್ಲರಿಗೂ ಬೆಟ್ಟ ಹತ್ತುವ ಕಾಲು ಇರುವುದಿಲ್ಲ, ಒಪ್ಪುತ್ತೇನೆ. ಇಲ್ಲಿನ ವೃದ್ಧಾಶ್ರಮಕ್ಕೆ ನಾವು ತಿಂಗಳಿಗೊಮ್ಮೆ ಊದಲು ಹೋಗುತ್ತೇವೆ. ಮಕ್ಕಳ ಹೆಸರೂ ಮರೆತವರು ಅಲ್ಲಿದ್ದಾರೆ. ಹಳೇ ಹಾಡು ಶುರುವಾದರೆ ತುಟಿ ಅಲುಗುತ್ತದೆ. ಒಬ್ಬ ತಾತ ಮಾತನ್ನೇ ಆಡುವುದಿಲ್ಲ, ಹಾಡಿನ ಮೂರು ಚರಣ ತಪ್ಪಿಲ್ಲದೆ ಹಾಡುತ್ತಾರೆ. ಚಿಕ್ಕಂದಿನ ಬಾಯಿಪಾಠ ಅದು. ಎಲ್ಲ ಹೋದ ಮೇಲೆ ಕೊನೆಗೆ ಉಳಿದಿದ್ದು. ಅದನ್ನು ನೋಡಿ ಬಂದ ದಿನಗಳಲ್ಲಿ ನನಗೆ ಅವ್ವನ ಆ ಕೋಣೆ ನೆನಪಾಗುತ್ತದೆ. ಅವಳು 38 ವರ್ಷ ಮಾಡಿಸಿದ್ದು ಸಣ್ಣ ಕೆಲಸವಲ್ಲ.

ಅವ್ವ ಸುಮಾರು ಒಂಬತ್ತು ವರ್ಷ ಸುಮ್ಮನೆ ಕೂತಳು. ಗ್ಲಾಕೋಮಾದಿಂದ ಕಣ್ಣೂ ಮಂಜಾಗುತ್ತಾ ಹೋಯಿತು. ಫೋನಿನಲ್ಲಿ ಮಾತು ಕಡಿಮೆಯಾಯಿತು. ಪ್ರಾರ್ಥನೆ ಬಿಡಲಿಲ್ಲ, ಆದರೆ ಅದರಲ್ಲಿ "ಲಗೂನ ಕರ್ಕೋ ಕರ್ತನೇ" ಅನ್ನುವ ಮಾತು ಸೇರಿಕೊಂಡಿತು. ಆಮೇಲೆ 2020ರ ಲಾಕ್‌ಡೌನ್ ಬಂತು. ಚರ್ಚುಗಳು ಮುಚ್ಚಿದವು. ಅವಳ ಹಳೇ ವಿದ್ಯಾರ್ಥಿನಿ ಒಬ್ಬಳು, ಈಗ ಬೆಂಗಳೂರಿನಲ್ಲಿ ಎರಡು ಮಕ್ಕಳ ತಾಯಿ, ಫೋನ್ ಮಾಡಿ ಕೇಳಿದಳು. "ಅಮ್ಮಾರ, ನಮಗ ಕಲಿಸಿದಂಗ ನನ್ನ ಮಕ್ಕಳಿಗೂ ವಾಕ್ಯ ಕಲಸ್ರಿ. ಫೋನ್ ಮ್ಯಾಲೆ." ಅವ್ವ ಹಿಂದೆಮುಂದೆ ನೋಡಿದಳು. ಕಣ್ಣು ಕಾಣಿಸುವುದಿಲ್ಲ, ಪುಸ್ತಕ ಓದಲು ಆಗುವುದಿಲ್ಲ ಅಂದಳು. ಆಮೇಲೆ ತಾನೇ ತಮ್ಮನಿಗೆ ಹೇಳಿದಳಂತೆ: "ಕಣ್ಣು ಹೋಗ್ಯಾವ. ಬಾಯಿ ಹೋಗಿಲ್ಲಲ್ಲ."

ಎರಡು ಮಕ್ಕಳಿಂದ ಶುರುವಾಗಿದ್ದು ಹನ್ನೊಂದಾಯಿತು. ದಿನಾ ಸಂಜೆ ಐದಕ್ಕೆ. ಆಗ ಅವಳಿಗೆ 81. ಒಂದು ತಿಂಗಳಲ್ಲಿ ಅವಳ ಧ್ವನಿಯೇ ಬದಲಾಯಿತು. ನಾನು ಫೋನ್ ಮಾಡಿದರೆ "ಈಗ ಬ್ಯಾಡಪ್ಪಾ, ಹುಡುಗರು ಬರ್ತಾವ" ಅಂತ ಇಟ್ಟುಬಿಡುತ್ತಿದ್ದಳು. ನನ್ನ ತಾಯಿ ನನಗೆ ಪುರುಸೊತ್ತಿಲ್ಲ ಅಂದಳಲ್ಲ ಅಂತ ನಾನು ಅವತ್ತು ದೇವರಿಗೆ ಸ್ತೋತ್ರ ಮಾಡಿದೆ.

ಊರಿನ ಸಭೆಗಳ ಹಿರಿಯರಲ್ಲಿ, ಸಭಾಪಾಲಕರಲ್ಲಿ ನನ್ನದು ಒಂದೇ ಬೇಡಿಕೆ. ಶಾಲು ಹೊದಿಸಿ, ಬೇಡ ಅನ್ನುವುದಿಲ್ಲ. ಹೊದಿಸಿದ ಮೇಲೆ ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ. ನಮಗೆ ಇದೊಂದು ಮಾಡಿಕೊಡ್ತೀರಾ ಅಂತ. ದೃಢೀಕರಣಕ್ಕೆ ಓದುವ ಮಕ್ಕಳನ್ನು ಒಬ್ಬೊಬ್ಬ ಹಿರಿಯರ ಮನೆಗೆ ಕಳಿಸಿ, ನಿಮ್ಮ ನಂಬಿಕೆ ಯಾವಾಗ ಅಲುಗಾಡಿತ್ತು ಅಂತ ಕೇಳಲಿ. 50 ವರ್ಷದ ಹಿಂದೆ ದೃಢೀಕರಣ ಆದವರನ್ನು ಹುಡುಕಿ ಮತ್ತೆ ಸಾಲಾಗಿ ನಿಲ್ಲಿಸಿ. ಇದಕ್ಕೆ ದುಡ್ಡು ಬೇಕಿಲ್ಲ. ಹಳೇ ರಿಜಿಸ್ಟರ್ ತೆಗೆದು ನೋಡಿದರೆ ಹೆಸರು ಸಿಗುತ್ತದೆ.

ಈ ವರ್ಷ ನನ್ನ ಮೊಮ್ಮಗಳ ಕನ್ಫರ್ಮೇಶನ್. ಇಲ್ಲಿ ಮಕ್ಕಳು ತಮ್ಮ ವಾಕ್ಯವನ್ನು ತಾವೇ ಆರಿಸಿಕೊಳ್ಳಬಹುದು. ಅವಳಿಗೆ ಯಾವುದೂ ಮನಸ್ಸಿಗೆ ಬರಲಿಲ್ಲ. "ಮುತ್ತಜ್ಜಿಯನ್ನು ಕೇಳಲಾ?" ಅಂದಳು. ಫೋನ್ ಹಚ್ಚಿಕೊಟ್ಟೆ. ಅವ್ವ, "ಒಂದಿನ ಟೈಮ್ ಕೊಡು ಕೂಸ" ಅಂದಳು. ಅವತ್ತು ರಾತ್ರಿ ಹನ್ನೆರಡೂವರೆಗೆ ಫೋನ್ ಬಂತು. ಅಲ್ಲಿ ಬೆಳಗಿನ ಜಾವ ಐದು. ರಾತ್ರಿಯೆಲ್ಲ ಮಲಗಿಲ್ಲ, ಬಾಯಿಪಾಠ ಇದ್ದ ಬೈಬಲಿನ ಕೀರ್ತನೆಗಳನ್ನೆಲ್ಲ ಒಂದರಿಂದ ಹಿಡಿದು ಹೇಳಿಕೊಂಡು ಬಂದೆ ಅಂದಳು. 71ನೇ ಕೀರ್ತನೆಯಲ್ಲಿ ನಿಂತಿದ್ದಳು. 17ನೇ ವಚನ. ದೇವರೇ, ಚಿಕ್ಕಂದಿನಿಂದ ನೀನು ನನಗೆ ಕಲಿಸುತ್ತಾ ಬಂದಿದ್ದೀ ಅನ್ನುವ ಮಾತು.

ಮರುದಿನ ಮೊಮ್ಮಗಳು ಅದನ್ನು ಜರ್ಮನ್ ಬೈಬಲಿನಲ್ಲಿ ಹುಡುಕಿ ಓದಿದಳು. ಓದುತ್ತಾ ಮುಂದಿನ ವಚನಕ್ಕೂ ಹೋದಳು. ಮುದುಕನಾಗಿ ತಲೆ ನರೆತಾಗಲೂ ನನ್ನನ್ನು ಕೈಬಿಡಬೇಡ, ಮುಂದಿನ ತಲೆಮಾರಿಗೆ ನಿನ್ನ ಬಲವನ್ನು ತಿಳಿಸುವ ತನಕ. ಫೋನಿನಲ್ಲಿ ಅವಳ ತುಂಡು ತುಂಡು ಕನ್ನಡದಲ್ಲಿ ಕೇಳಿದಳು, "ಮುತ್ತಜ್ಜಿ, 18 ಯಾಕೆ ಹೇಳಲಿಲ್ಲ? ಅದೂ ಚೆನ್ನಾಗಿದೆ."

"ಅದು ನಂದು ಕೂಸ," ಅಂದಳು ಅವ್ವ. "17 ನಿನಗ. 18 ನನಗ ಇರ್ಲಿ."